ಬಾಯಿಗೆ ಅಡ್ಡ ಹಿಡಿದ ಕೈ

ಅಕ್ಕ ಈ ತಿಂಗಳು ತಿಪಟೂರು ಬಿಟ್ಟರು. ಮೈಸೂರಿನ ಕಡೆ ಯಾವುದೋ ಕಾಲೇಜಿನಲ್ಲಿ ದೊಡ್ಡ ಹುದ್ದೆ ಸಿಕ್ಕಿದೆಯಂತೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಕಿವಿ ಮಂದವಾದ ಮಕ್ಕಳಿರುವ ಮನೆಗಳಲ್ಲಿ ‘ಅಕ್ಕ’ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಅವರನ್ನು ನಾನು ಮೊದಲು ನೋಡಿದ್ದು ಹಂದನಕೆರೆಯ ನಮ್ಮ ಮನೆಯ ಜಗಲಿಯಲ್ಲಿ. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ, ಅವರು ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದರು. ಶಿಬಿರವೊಂದರಲ್ಲಿ ಕಿವಿಯ ಮಿಷನ್ನು ಪಡೆದ ಮಕ್ಕಳು ಅದನ್ನು ಹಾಕಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ನೋಡಲು ಕಾಲೇಜಿನ ಹುಡುಗ ಹುಡುಗಿಯರು ಊರೂರು ತಿರುಗುತ್ತಿದ್ದರು. ಹಾಗೆ ಹೊರಡಿಸಿದ್ದು ಯಾವ ಮೇಷ್ಟರೂ ಅಲ್ಲ, ಅಕ್ಕನೇ. ನನ್ನ ಮಿಷನ್ನು ಬೀರುವಿನೊಳಗೆ ಅಮ್ಮನ ಓಲೆ, ಜುಮುಕಿಗಳ ಪಕ್ಕದಲ್ಲಿ ಭದ್ರವಾಗಿತ್ತು. ಕಳೆದುಹೋದರೆ ಮತ್ತೆ ಯಾರು ಕೊಡುತ್ತಾರೆ ಎಂಬುದು ಅಮ್ಮ ಬಾಯಲ್ಲಿ ಹೇಳಿದ ಕಾರಣ. ನಾಲ್ಕು ಜನ ನೋಡಿದರೆ ನಾಳೆ ಗಂಡು ಸಿಗುವುದು ಕಷ್ಟ ಎಂಬುದು ಹೇಳದ ಕಾರಣ.

ಅಕ್ಕ ಅಮ್ಮನನ್ನು ಕೇಳಿದರಂತೆ, “ಕನ್ನಡಕಾನ ಬೀರುನಲ್ಲಿಟ್ರೆ ಕಣ್ಣು ಕಾಣ್ತದಾ ಅಮ್ಮಾ?” ಅಮ್ಮ ಏನೋ ಸಮಜಾಯಿಷಿ ಕೊಡುತ್ತಿದ್ದಾಗ ಅವರು ಸುಮ್ಮನೆ ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಕೂದಲನ್ನೆಲ್ಲ ಎತ್ತಿ ಬಿಗಿಯಾಗಿ ಕಟ್ಟಿದ್ದರು. ಕಿವಿಯ ಹಿಂದೆ ನನ್ನದರಂಥದೇ ಮಿಷನ್ನು. ಕಿವಿಯೊಳಗೆ ಕೂರುವ ಅಚ್ಚನ್ನು ಎಲ್ಲರೂ ಮೈಬಣ್ಣದಲ್ಲಿ ಮಾಡಿಸಿಕೊಂಡರೆ ಅವರು ಕುಂಕುಮದಂಥ ಕೆಂಪಿನಲ್ಲಿ ಮಾಡಿಸಿಕೊಂಡಿದ್ದರು. ಅಷ್ಟು ಹೊತ್ತು ಕಿವಿ ಕೇಳದ ಹುಡುಗಿಯ ಜೊತೆ ಮಾತಾಡುತ್ತಿದ್ದೇನೆಂದು ಅಮ್ಮನಿಗೆ ಹೊಳೆದೇ ಇರಲಿಲ್ಲ. ಆಮೇಲೆ ಅಮ್ಮ ಒಳಗೆ ಹೋಗಿ ಬೀರುವಿನ ಬಾಗಿಲು ತೆಗೆದರು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ತಿಪಟೂರಿಗೆ ಹೋಗುವುದು ನನ್ನ ಪಾಲಿಗೆ ಹಬ್ಬವಾಯಿತು. ಅವರ ಕಾಲೇಜಿನ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ಹಾಕುತ್ತಿದ್ದ ಒಂದು ಕೋಣೆಯನ್ನು ಅಕ್ಕ ಮತ್ತು ಅವರ ಗೆಳೆಯರು ಕೇಳಿ ಪಡೆದು, ಗುಡಿಸಿ, ಸುಣ್ಣ ಬಳಿದಿದ್ದರು. ಕಂದಿಕೆರೆ, ಸಂಪಿಗೆ, ತುರುವೇಕೆರೆ ಕಡೆಯಿಂದೆಲ್ಲ ಮಕ್ಕಳು ಬರುತ್ತಿದ್ದರು. ಒಂದೊಂದು ಮಗುವಿಗೆ ಒಬ್ಬೊಬ್ಬ ಕಾಲೇಜು ವಿದ್ಯಾರ್ಥಿ ಜೋಡಿ. ನನ್ನ ಜೋಡಿ ಅಕ್ಕನೇ. ತಿಪಟೂರಿನ ಟೈಲರ್ ಒಬ್ಬರ ಮಗಳು ನಸೀಮಾ ಅಲ್ಲಿಯೇ ನನಗೆ ಗೆಳತಿಯಾದದ್ದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಹೀಗೆ ಎರಡು ಭಾಷೆಯ ತುಟಿಗಳನ್ನು ಓದುತ್ತಿದ್ದ ಅವಳನ್ನು ಕಂಡರೆ ಅಕ್ಕನಿಗೇ ಬೆರಗು.

ಕೇಳುವ ಕಿವಿಯಿದ್ದ ತಮ್ಮ ಗೆಳೆಯರ ಮೇಲೆ ಅಕ್ಕ ಮಾಡುತ್ತಿದ್ದ ದರ್ಬಾರನ್ನು ನೋಡಬೇಕಿತ್ತು. ಮಕ್ಕಳ ಜೊತೆ ಮಾತಾಡುವಾಗ ಬೋರ್ಡಿನ ಕಡೆ ತಿರುಗಬಾರದು. ಬೆಳಕಿಗೆ ಬೆನ್ನು ಹಾಕಿ ನಿಲ್ಲಬಾರದು. ಬಾಯಿಯ ಮುಂದೆ ಕೈಯಾಗಲಿ ಪುಸ್ತಕವಾಗಲಿ ಹಿಡಿಯಬಾರದು. ದಪ್ಪ ಮೀಸೆ ಬಿಟ್ಟಿದ್ದ ಒಬ್ಬ ಹುಡುಗನನ್ನು ಬಾಗಿಲಲ್ಲೇ ತಡೆದು, ಆ ಮೀಸೆಯೊಳಗೆ ನಿನ್ನ ಮಾತೆಲ್ಲ ಸಿಕ್ಕಿಹಾಕಿಕೊಳ್ಳುತ್ತದೆ, ಕತ್ತರಿಸಿಕೊಂಡು ಬಾ ಎಂದು ವಾಪಸ್ಸು ಕಳಿಸಿದ್ದರು. ಪಾಪ, ಮುಂದಿನ ಶನಿವಾರ ಅವನು ನುಣ್ಣಗೆ ಬೋಳಿಸಿಕೊಂಡು ಬಂದಿದ್ದ. ಅವನ ಗುರುತು ಹಿಡಿಯಲಾಗದೆ ನಾವೆಲ್ಲ ನಕ್ಕಿದ್ದೆವು.

ನಮ್ಮ ಮೇಲೂ ಕರುಣೆಯಿರಲಿಲ್ಲ. ಕಿವಿ ಕೇಳದ ಮಕ್ಕಳಿಗೊಂದು ಅಭ್ಯಾಸವಿರುತ್ತದೆ. ಏನೂ ತಿಳಿಯದಿದ್ದರೂ ತಲೆಯಾಡಿಸಿಬಿಡುತ್ತೇವೆ. ತಲೆಯಾಡಿಸಿದರೆ ಎದುರಿನವರು ಬಿಟ್ಟುಬಿಡುತ್ತಾರೆ. ಅಕ್ಕ ಇದನ್ನು ಹಿಡಿಯಲು ಒಂದು ಉಪಾಯ ಮಾಡಿದ್ದರು. ಪಾಠದ ಮಧ್ಯೆ ಅದೇ ಮುಖಭಾವದಲ್ಲಿ, ಬೇಕೆಂದೇ ಸ್ವಲ್ಪ ಗೊಣಗಿಕೊಂಡು, “ನಾಳೆ ನಿನ್ ತಲೆ ಬೋಳಿಸ್ತೀನಿ, ಆಗ್ಬೋದಾ?” ಎನ್ನುತ್ತಿದ್ದರು. ಒಂದು ಸಲ ನಾನು ಗಂಭೀರವಾಗಿ ಹೂಂ ಎಂದು ತಲೆಯಾಡಿಸಿದೆ. ಅವರು ಎದ್ದು ಹೋಗಿ ನಿಜವಾಗಿಯೂ ಒಂದು ಕತ್ತರಿ ತಂದರು. ಆ ಕತ್ತರಿಯನ್ನು ನೋಡಿದ ಮೇಲೆ ತಿಳಿಯದ ಮಾತಿಗೆ ನಾನು ಬದುಕಿನಲ್ಲಿ ತಲೆಯಾಡಿಸಿದ್ದು ಕಡಿಮೆ.

ಮರ, ಬರ, ಪರ. ತುಟಿಯ ಮೇಲೆ ಮೂರೂ ಒಂದೇ. ಯಾವುದೆಂದು ತಿಳಿಯಲು ಮಾತಿನ ಹಿಂದುಮುಂದನ್ನು ನೋಡಬೇಕು, ಆಡುವವರ ಕಣ್ಣನ್ನು ನೋಡಬೇಕು. ಜನರ ಮಾತು ಬರೀ ಬಾಯಲ್ಲಿರುವುದಿಲ್ಲ, ಮುಖದ ತುಂಬ ಇರುತ್ತದೆ ಎಂದು ಅವರು ಹೇಳಿಕೊಟ್ಟರು. ಒಮ್ಮೆ ನಮ್ಮ ಮನೆಗೆ ಬಂದವರು ನನ್ನ ಜೊತೆ ಅಟ್ಟ ಹತ್ತಿದರು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿಕೊಂಡು ಲೊಟಲೊಟ ಅಂದರೆ ಮಾತ್ರ ಪಕ್ಕಕ್ಕೆ ಇಡುತ್ತಿದ್ದರು. ಆ ಕೆಲಸಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಅಕ್ಕ ಒಂದು ಕಾಯನ್ನು ನನ್ನ ಎರಡೂ ಅಂಗೈಗಳ ನಡುವೆ ಇಟ್ಟು ಅಲ್ಲಾಡಿಸಿದರು. ಒಳಗಿನ ಉಂಡೆ ಚಿಪ್ಪಿಗೆ ಬಡಿಯುವುದು ನನ್ನ ಕೈಗೆ ತಟ್ಟಿತು. ಇನ್ನೊಂದು ಕಾಯಿ ಸುಮ್ಮನಿತ್ತು. ಆ ವರ್ಷ ಕಾಯಿ ಆರಿಸುವಾಗ ಅಪ್ಪ ನನ್ನನ್ನೂ ಅಟ್ಟಕ್ಕೆ ಕರೆದರು.

ಅಕ್ಕನಿಗೆ ಒಂದೇ ಒಂದು ವಿದ್ಯೆ ಬರುತ್ತಿರಲಿಲ್ಲ, ಅದು ಪಿಸುಗುಟ್ಟುವುದು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಅಂದಾಜಿರಲಿಲ್ಲ. ಬಸ್ಸಿನಲ್ಲಿ ಗುಟ್ಟಾಗಿ ಏನಾದರೂ ಹೇಳಹೊರಟರೆ ಕಂಡಕ್ಟರ್ ಕೂಡ ತಿರುಗಿ ನೋಡುತ್ತಿದ್ದ. ಅದಕ್ಕೇ ನನಗೆ ಗುಟ್ಟೇ ಇಲ್ಲ ಎಂದು ಅವರೇ ನಗುತ್ತಿದ್ದರು.

ಡಿಗ್ರಿ ಮುಗಿಸಿ ಅವರು ಎಂ.ಎಸ್ಸಿ ಓದಲು ಮೈಸೂರಿಗೆ ಹೋದಾಗ ಶನಿವಾರದ ಕೋಣೆಯನ್ನು ಕಿರಿಯ ತರಗತಿಯ ವಿದ್ಯಾರ್ಥಿಗಳು ನಡೆಸಿದರು. ರಜೆಯಲ್ಲಿ ಬಂದಾಗಲೆಲ್ಲ ಅಕ್ಕ ಮೊದಲು ಕಾಲಿಡುತ್ತಿದ್ದದ್ದು ಆ ಕೋಣೆಗೇ. ನಾನು ಹೈಸ್ಕೂಲಿಗೆ ಬಂದಿದ್ದೆ. ವಿಜ್ಞಾನ ನನಗೆ ಇಷ್ಟವಾಗಿತ್ತು. ನಮ್ಮಂಥವರಿಗೆ ಅದೆಲ್ಲ ಆಗುತ್ತದೆಯೇ ಎಂದು ಒಮ್ಮೆ ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. “ನಾನು ಓದ್ಲಿಲ್ವಾ? ಪಿಯುಸೀಲಿ ಸೈನ್ಸೇ ತಗೋ. ನಾನಿದೀನಿ” ಎಂದರು. ಕೊನೆಯ ಮಾತನ್ನು ಹೇಳುವಾಗ ಎದೆಯ ಮೇಲೆ ಕೈಯಿಟ್ಟುಕೊಂಡರು. ಆ ಮಾತನ್ನು ಕಟ್ಟಿಕೊಂಡೇ ನಾನು ಎಸ್ಸೆಸ್ಸೆಲ್ಸಿ ಓದಿದೆ. ಅಷ್ಟರಲ್ಲಿ ಅಕ್ಕ ತಾವು ಓದಿದ ಕಾಲೇಜಿನ ಪಿಯು ವಿಭಾಗಕ್ಕೇ ಲೆಕ್ಚರರ್ ಆಗಿ ಬಂದರು. ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ನನಗೋಸ್ಕರವೇ ಬಂದರೇನೋ ಎಂದುಕೊಂಡಿದ್ದೆ.

ನನಗೆ ಒಳ್ಳೆಯ ಅಂಕಗಳೇ ಬಂದವು. ಅಡ್ಮಿಷನ್ ದಿನ ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ನನ್ನನ್ನು ನೋಡಿ ನಗುತ್ತಾರೆಂದುಕೊಂಡೆ. ನಕ್ಕರು, ಆದರೆ ಬೇಗ ಮುಗಿಯುವ ನಗು. ಪ್ರಿನ್ಸಿಪಾಲರು ತಲೆ ಬಗ್ಗಿಸಿ ನನ್ನ ಅಂಕಪಟ್ಟಿಯನ್ನು ನೋಡುತ್ತಲೇ ಏನೋ ಕೇಳಿದರು. ತುಟಿ ಕಾಣಲಿಲ್ಲ. ದಯವಿಟ್ಟು ಮುಖ ಮೇಲೆತ್ತಿ ಹೇಳಿ ಸಾರ್ ಎಂದೆ. ಅಕ್ಕ ಕಲಿಸಿದ್ದೇ ಹಾಗೆ. ಪ್ರಿನ್ಸಿಪಾಲರು ಹೇಳಲಿಲ್ಲ. ಅಕ್ಕನ ಕಡೆ ತಿರುಗಿ, ನೀವೇನಂತೀರಿ ಮೇಡಂ ಎಂದು ಕೇಳಿದರು. ಅದು ಮಾತ್ರ ನನಗೆ ಸ್ಪಷ್ಟವಾಗಿ ಕಂಡಿತು.

ಅಕ್ಕ ಮೊಣಕೈಯನ್ನು ಮೇಜಿನ ಮೇಲೆ ಊರಿದರು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಪ್ರಿನ್ಸಿಪಾಲರ ಕಡೆ ಮುಖ ತಿರುಗಿಸಿ ಮಾತಾಡಿದರು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಮರೆತು ಹಾಗೆ ಹಿಡಿದಿರಬೇಕು, ಈಗ ಇಳಿಸುತ್ತಾರೆ ಎಂದು ಆ ಕೈಯನ್ನೇ ನೋಡುತ್ತ ಕೂತೆ. ಇಳಿಸಲಿಲ್ಲ. ಮಾತು ಸಾಕಷ್ಟು ಉದ್ದವಾಗಿಯೇ ಇತ್ತು. ಪಕ್ಕದಲ್ಲಿ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ್ದರು. ಮಾತು ಮುಗಿದ ಮೇಲೆ ಪ್ರಿನ್ಸಿಪಾಲರ ಮುಖ ನಿರಾಳವಾಯಿತು. ಅವರ ತುಟಿ ನನಗೆ ಕಾಣುತ್ತಿತ್ತು. “ನೀವೇ ಹಿಂಗಂದ ಮೇಲೆ ಇನ್ನೇನಿದೆ ಮೇಡಂ” ಎಂದರು.

ಅಕ್ಕನಿಗೆ ಪಿಸುಗುಟ್ಟಲು ಬರುವುದಿಲ್ಲವೆಂದು ಹೇಳಿದೆನಲ್ಲ. ಆ ಕೋಣೆಯಲ್ಲಿ ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಬಾಗಿಲಲ್ಲಿ ನಿಂತಿದ್ದ ಜವಾನನಿಗೂ ಕೇಳಿಸಿರಬೇಕು. ಆ ಕೈ ಅಡ್ಡ ಬಂದದ್ದು ನನಗೊಬ್ಬಳಿಗೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಮ್ಮ ಮೊದಲು ಸೀಟು ಭರ್ತಿಯಾಗಿದೆಯಂತೆ ಎಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದರಲ್ಲೂ ತುಟಿ ನೋಡುವವರ ಎದುರು. ಊರು ಹತ್ತಿರವಾದಾಗ ನನ್ನ ಕಡೆ ಪೂರ್ತಿ ತಿರುಗಿ, ಕೋಣೆಯಲ್ಲಿ ಅಕ್ಕ ಆಡಿದ್ದನ್ನು ನಿಧಾನವಾಗಿ ಹೇಳಿದರು. ಲ್ಯಾಬಿನಲ್ಲಿ ಆಸಿಡ್ಡು ಗೀಸಿಡ್ಡು ಇರುತ್ತದೆ, ಯಾರಾದರೂ ಕೂಗಿದರೆ ಈ ಹುಡುಗಿಗೆ ಕೇಳುವುದಿಲ್ಲ. ಪಾಠದ ವೇಗ ಹಿಡಿಯಲಾರಳು. ಫೇಲಾದರೆ ಕಾಲೇಜಿನ ರಿಸಲ್ಟ್ ಕೆಡುತ್ತದೆ. ಆರ್ಟ್ಸ್ ಆದರೆ ನೋಡಿ, ಇಲ್ಲವೇ ಇಂಥ ಮಕ್ಕಳಿಗೆಂದೇ ಇರುವ ಕಡೆ ಕಳಿಸುವುದು ವಾಸಿ. ಇಷ್ಟನ್ನೂ ಹೇಳಿ ಅಮ್ಮ ಕೊನೆಗೆ, “ಅವ್ಳೇ ಅಂದ್ಲು ಕಣೇ. ಬ್ಯಾರೆ ಯಾರಾರ ಅಂದಿದ್ರೆ ನಾನು ಜಗಳಾನೇ ಆಡ್ತಿದ್ದೆ” ಎಂದರು.

ಮಿಷನ್ನು ಬೀರುವಿನಲ್ಲಿದೆ ಎಂಬುದಕ್ಕೆ ಬಿಸಿಲಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ ಅಕ್ಕ ಇದಕ್ಕೆ ಬರಲಿಲ್ಲ. ನಾನು ದಿನಾ ಕಾದೆ. ಬಂದು ಬೈದಿದ್ದರೂ ಆಗುತ್ತಿತ್ತು. ಶನಿವಾರ ಬರಬೇಕು ಎಂದು ನಸೀಮಾಳ ಕೈಲಿ ಹೇಳಿ ಕಳಿಸಿದರು, ಅಷ್ಟೇ. ನಾನು ಹೋಗಲಿಲ್ಲ. ನನಗೆ ಸೀಟು ಸಿಗದ್ದಕ್ಕಿಂತ ಹೆಚ್ಚಾಗಿ ಸಂಕಟವಾದದ್ದು ಇನ್ನೊಂದಕ್ಕೆ. ಅವರು ಅಷ್ಟು ವರ್ಷ ಹೇಳಿದ್ದೆಲ್ಲ ನಿಜವೋ ಅಥವಾ ಆ ಕೈಯ ಹಿಂದೆ ಹೇಳಿದ್ದು ನಿಜವೋ ಎಂದು ಗೊತ್ತಾಗದೆ ಹೋಯಿತು. ಮಕ್ಕಳೆದುರು ಒಂದು, ಮಕ್ಕಳ ಬೆನ್ನ ಹಿಂದೆ ಇನ್ನೊಂದು ಎನ್ನುವ ದೊಡ್ಡವರು ಬೇಕಾದಷ್ಟು ಜನರಿದ್ದರು. ಅವರ ಸಾಲಿನಲ್ಲಿ ಅಕ್ಕನನ್ನು ನಿಲ್ಲಿಸಲು ನನ್ನಿಂದ ಆಗಲೇ ಇಲ್ಲ. ನಿಲ್ಲಿಸದೇ ಇರಲೂ ಆಗಲಿಲ್ಲ.

ಸಂಪಿಗೆಯಲ್ಲಿ ಚಿಕ್ಕಮ್ಮನ ಮನೆಯಿತ್ತು. ಅಲ್ಲಿದ್ದುಕೊಂಡು ತುರುವೇಕೆರೆಯ ಕಾಲೇಜಿನಲ್ಲಿ ವಿಜ್ಞಾನವನ್ನೇ ಓದಿದೆ. ಅಲ್ಲಿ ನನ್ನನ್ನು ಸೇರಿಸಿಕೊಳ್ಳುವ ಮುಂಚೆ ಯಾರನ್ನೂ ಅಭಿಪ್ರಾಯ ಕೇಳಲಿಲ್ಲ. ಮೊದಲ ಬೆಂಚಿನಲ್ಲಿ ಕೂತೆ. ತಿಳಿಯದಾಗ ಕೈಯೆತ್ತಿದೆ. ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದ ಕೆಮಿಸ್ಟ್ರಿ ಮೇಷ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಆಮೇಲೂ ಮರೆಯುತ್ತಿದ್ದರು, ಮತ್ತೆ ನೆನಪಾಗಿ ತಿರುಗುತ್ತಿದ್ದರು. ನಾನು ಮಾಡಿದ ಒಂದೊಂದು ಕೆಲಸವೂ ಅಕ್ಕ ಕಲಿಸಿದ್ದೇ ಎಂಬುದು ಆಗ ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಮುಂದೆ ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮಾಡಿ, ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದೆ.

ಒಂದೇ ಊರಿನಲ್ಲಿದ್ದರೂ ನಾವು ಎದುರಾಗಲಿಲ್ಲ. ದೂರದಿಂದ ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಒಂದು ದಿನ ನಸೀಮಾ ತನ್ನ ಹೊಲಿಗೆ ಅಂಗಡಿಯಲ್ಲಿ ಫೋನು ತೋರಿಸಿದಳು. ಯಾವುದೋ ಸಭೆಯಲ್ಲಿ ಅಕ್ಕ ಭಾಷಣ ಮಾಡುತ್ತಿದ್ದರು. ಕ್ಯಾಮೆರಾ ಹತ್ತಿರವೇ ಇದ್ದುದರಿಂದ ತುಟಿ ಚೆನ್ನಾಗಿ ಕಾಣುತ್ತಿತ್ತು. ಹಂದನಕೆರೆಯ ಒಬ್ಬ ಹುಡುಗಿ ನಮ್ಮ ಕೋಣೆಯಲ್ಲಿ ಬೆಳೆದಳು, ವಿಜ್ಞಾನ ಓದಿದಳು, ಇವತ್ತು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ, ಕಿವಿ ಕೇಳದವರಿಗೆ ಆಗುವುದಿಲ್ಲ ಅನ್ನುವವರಿಗೆ ಅವಳೇ ಉತ್ತರ ಎಂದು ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಆಗುವುದಿಲ್ಲ ಅಂದವರು ಯಾರೆಂದು ಆ ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನನ್ನು ಹೊರಗೆ ಕಳಿಸಿದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ನಾನು ಹೊರಗೆ ಹೋಗಿ ಮಾಡಿಕೊಂಡದ್ದನ್ನೂ ಅವರೇ ತೆಗೆದುಕೊಂಡರಲ್ಲ ಎನ್ನಿಸಿ ಮೈಯೆಲ್ಲ ಉರಿಯಿತು. ನಸೀಮಾ ಫೋನನ್ನು ಮಗುಚಿಟ್ಟು ಬಟ್ಟೆಗೆ ಗುಂಡಿ ಹೊಲಿಯತೊಡಗಿದಳು.

ಹೋದ ವರ್ಷ ಅಕ್ಕ ನನ್ನ ಲ್ಯಾಬಿಗೇ ಬಂದರು. ಥೈರಾಯ್ಡ್ ಪರೀಕ್ಷೆಗೆ ಡಾಕ್ಟರು ಬರೆದಿದ್ದರು. ಬೆಳಗಿನ ಹೊತ್ತು, ಇನ್ನೂ ಜನ ಬಂದಿರಲಿಲ್ಲ. ನಾನು ಮಾಸ್ಕ್ ಹಾಕಿದ್ದೆ, ಅವರೂ ಹಾಕಿದ್ದರು. ಕಣ್ಣಿನಲ್ಲೇ ಇಬ್ಬರಿಗೂ ಗುರುತಾಯಿತು. ಎದುರು ಬದುರು ಕೂತ ನಮ್ಮಿಬ್ಬರಿಗೂ ಮಾಸ್ಕ್ ತೆಗೆಯದೆ ಒಂದಕ್ಷರ ಮಾತಾಡಲು ಸಾಧ್ಯವಿರಲಿಲ್ಲ. ಮೊದಲು ತೆಗೆದವರು ಅವರು. ವಯಸ್ಸಿಗಿಂತ ಹೆಚ್ಚು ಸೊರಗಿದ್ದರು.

ನಾನು ಅವರ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದೆ. ತಲೆಯೆತ್ತಿದಾಗ ಹೇಗಿದ್ದೀಯ ಎಂದು ಕೇಳಿದರು. ನಾನೂ ಮಾಸ್ಕ್ ಇಳಿಸಿ ಚೆನ್ನಾಗಿದ್ದೇನೆ ಎಂದೆ. ಇಷ್ಟು ವರ್ಷ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಯಾವ ಪೀಠಿಕೆಯೂ ಇಲ್ಲದೆ ಕೇಳಿಬಿಟ್ಟೆ. ಅವತ್ತು ಯಾಕೆ ಹಾಗೆ ಹೇಳಿದಿರಿ ಅಕ್ಕ?

ಯಾವತ್ತು ಎಂದು ಅವರು ಕೇಳಲಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕರೇ. ಗೋಡೆಯ ಕಡೆ ನೋಡಿ ಮತ್ತೆ ನನ್ನ ಕಡೆ ತಿರುಗಿದರು. ತಮ್ಮನ್ನು ಆ ಕಾಲೇಜಿಗೆ ತೆಗೆದುಕೊಳ್ಳುವಾಗಲೇ ಆಡಳಿತದವರೊಬ್ಬರು ಒಂದು ಮಾತು ಹೇಳಿದ್ದರಂತೆ.

“‘ಇಂಥೋರು ಒಬ್ರು ಸಾಕು’ ಅಂದಿದ್ರು ಕಣೇ. ನಂದಿನ್ನೂ ಖಾಯಂ ಆಗಿರ್ಲಿಲ್ಲ. ನೀನು ಬಂದು ಏನಾದ್ರೂ ಎಡವಟ್ಟಾಗಿದ್ರೆ ಇಬ್ರಿಗೂ ಒಟ್ಟಿಗೇ ಗೇಟ್ ತೋರುಸ್ತಿದ್ರು.”

ಅವರು ಬೇರೆ ಏನಾದರೂ ಹೇಳುತ್ತಾರೆಂದು ಅಂದುಕೊಂಡಿದ್ದೆ. ನಿನ್ನ ಒಳ್ಳೆಯದಕ್ಕೆ ಎನ್ನುತ್ತಾರೆ, ನಾನು ಪಟ್ಟ ಕಷ್ಟ ನೀನು ಪಡುವುದು ಬೇಡವೆನ್ನಿಸಿತು ಎನ್ನುತ್ತಾರೆ, ಅದಕ್ಕೆ ಹೇಳಬೇಕಾದ ಉತ್ತರಗಳೆಲ್ಲ ನನ್ನ ಹತ್ತಿರ ತಯಾರಾಗಿದ್ದವು. ಆಡಳಿತದವರು ಒಂದೇ ಕುರ್ಚಿ ಕೊಟ್ಟಿದ್ದರು, ಅದರಲ್ಲಿ ಅಕ್ಕ ಕೂತುಬಿಟ್ಟರು. ಕೊಟ್ಟವರ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಕೊಟ್ಟವರನ್ನು ನಾನು ಅಕ್ಕ ಎಂದು ಕರೆದಿರಲಿಲ್ಲವಲ್ಲ.

ಅದನ್ನು ನನಗೇ ಹೇಳಬಹುದಿತ್ತು ಎಂದೆ. ನನಗೆ ಅರ್ಥವಾಗುತ್ತಿತ್ತು, ನಾನೇ ಬೇರೆ ಕಾಲೇಜಿಗೆ ಹೋಗುತ್ತಿದ್ದೆ.

“ನಿನ್ ಮುಖ ನೋಡ್ಕೊಂಡು ಹೇಳಕ್ಕೆ ಆಗ್ಲಿಲ್ಲ” ಎಂದರು ಅಕ್ಕ. “ಅದಕ್ಕೇ ಕೈ ಅಡ್ಡ ಹಿಡ್ಕೊಂಡೆ.”

ನಾನು ಸೂಜಿ ಚುಚ್ಚಿದೆ. ಅವರು ಮುಖ ಕಿವುಚಲಿಲ್ಲ. ರಕ್ತ ತೆಗೆದು ಹತ್ತಿ ಒತ್ತಿ, ಎಲ್ಲರಿಗೂ ಹೇಳುವಂತೆ, ಕೈ ಮಡಚಿಕೊಳ್ಳಿ, ಸಂಜೆ ರಿಪೋರ್ಟ್ ಸಿಗುತ್ತದೆ ಎಂದೆ. ಅವರು ಏಳದೆ ಕೂತೇ ಇದ್ದರು. ಕ್ಷಮಿಸು ಎಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವರು ಕೇಳಲಿಲ್ಲ. ಇನ್ನೊಬ್ಬ ರೋಗಿ ಬಾಗಿಲಲ್ಲಿ ಕಾಣಿಸಿಕೊಂಡ ಮೇಲೆ ಮಾಸ್ಕ್ ಎಳೆದುಕೊಂಡು ಹೊರಟರು. ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ, ಪಾಪ ಎಂದರು. ಯಾರಿಗೆ ಪಾಪ ಎಂದು ನಾನು ಕೇಳಲಿಲ್ಲ.

ಈ ತಿಂಗಳು ಅಕ್ಕನ ಬೀಳ್ಕೊಡುಗೆಗೆ ನಾನು ಹೋಗಬಾರದೆಂದಿದ್ದೆ. ನಸೀಮಾ ಬಿಡಲಿಲ್ಲ. ಕಾಲೇಜಿನ ಸಭಾಂಗಣ ತುಂಬಿತ್ತು. ಈಗ ಆ ಕೋಣೆಯನ್ನು ನಡೆಸುವ ವಿದ್ಯಾರ್ಥಿಗಳು ನನಗಿಂತ ಎಷ್ಟೋ ಚಿಕ್ಕವರು, ಅವರಿಗೆ ಇದ್ಯಾವುದೂ ಗೊತ್ತಿಲ್ಲ. ನಾಲ್ಕು ಮಾತಾಡಿ ಎಂದು ವೇದಿಕೆಗೆ ಕರೆದರು. ನಾನು ಒಲ್ಲೆ ಎಂದೆ. ಪುಟ್ಟ ಮಕ್ಕಳು, ಕಿವಿಗೆ ಬಣ್ಣ ಬಣ್ಣದ ಅಚ್ಚು ಹಾಕಿಕೊಂಡವರು, ಅಕ್ಕನಿಗೆ ಕೊಬ್ಬರಿ ಹಾರ ಹಾಕಿದರು. ಒಬ್ಬಳು ಹುಡುಗಿ ಹಾರದ ಭಾರಕ್ಕೆ ವಾಲಿದಳು. ಅಕ್ಕ ಬಗ್ಗಿ ಅವಳನ್ನೂ ಹಾರವನ್ನೂ ಒಟ್ಟಿಗೆ ಹಿಡಿದುಕೊಂಡರು. ಆಮೇಲೆ ಅವಳ ಮುಖದ ಮಟ್ಟಕ್ಕೆ ಕೂತು, ನಿಧಾನವಾಗಿ, ತುಟಿ ತೋರಿಸಿ ಏನೋ ಹೇಳಿದರು. ಅವಳ ಮುಖ ಅರಳಿತು. ಅದು ನಾಟಕವಾಗಿರಲಿಲ್ಲ. ಯಾವತ್ತೂ ನಾಟಕವಾಗಿರಲಿಲ್ಲ.

ಕಾರ್ಯಕ್ರಮ ಮುಗಿದು ಜನ ಎದ್ದಾಗ ಅಕ್ಕ ನನ್ನನ್ನು ಹುಡುಕಿಕೊಂಡು ಬಂದರು. ಹಾರ ಇನ್ನೂ ಕುತ್ತಿಗೆಯಲ್ಲೇ ಇತ್ತು. ನನ್ನ ಕೈ ಹಿಡಿದುಕೊಂಡರು. ಸ್ಪೀಕರಿನಲ್ಲಿ ಯಾವುದೋ ಹಾಡು ಹಾಕಿದ್ದರು, ನನ್ನ ಮಿಷನ್ನಿನೊಳಗೆ ಬರೀ ಗದ್ದಲ. ಅವರಿಗೂ ಹಾಗೇ ಆಗಿರಬೇಕು. ಯಾಕೋ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು. “ನಾನು ಮಾತಾಡ್ತಿರೋದೇ ನಿಮ್ಮಿಂದ ಅಕ್ಕ” ಎಂದೆ.

ಅಷ್ಟರಲ್ಲಿ ಒಂದು ಮಗು ಅವರ ಸೀರೆ ಜಗ್ಗಿತ್ತು. ಅವರು ಕೆಳಗೆ ನೋಡುತ್ತಿದ್ದರು. ಮಗುವಿನ ತಲೆ ಸವರಿ ಮತ್ತೆ ನನ್ನ ಕಡೆ ಕಣ್ಣೆತ್ತಿ, “ಏನಂದೆ?” ಎಂದು ಕೇಳಿದರು.

ನಮ್ಮಂಥವರ ಮನೆಗಳಲ್ಲಿ ದಿನವೂ ನಡೆಯುವುದೊಂದಿದೆ. ಎಲ್ಲರೂ ಊಟಕ್ಕೆ ಕೂತು ಏನಕ್ಕೋ ನಗುತ್ತಾರೆ. ಏನು ಎಂದು ನಾವು ಕೇಳುತ್ತೇವೆ. ಏನಿಲ್ಲ ಬುಡು ಎನ್ನುತ್ತಾರೆ. ಕೆಪ್ಪಿ ಎಂದು ಬೈದವರನ್ನಾದರೂ ನಾವು ಮರೆಯುತ್ತೇವೆ, ಈ ಮಾತನ್ನು ಮರೆಯುವುದಿಲ್ಲ.

ನಾನು ಅವರ ಮುಖವನ್ನೇ ನೋಡುತ್ತ, ಒಂದೊಂದು ಅಕ್ಷರವೂ ಕಾಣುವಂತೆ ಹೇಳಿದೆ.

“ಏನಿಲ್ಲ ಬುಡಿ ಅಕ್ಕ.”

ಅವರು ನನ್ನ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಮತ್ತೆ ಕೇಳಲಿಲ್ಲ.